ಕುಯ್ ಹೇಳಿದ್ದು

ಅದರ ಕೂಗೇ ಅದರ ಹೆಸರು: ಕುಯ್.
ಸಿಕ್ವಾನಿಯಲ್ಲಿ ನಮ್ಮಜ್ಜಿ ಎರ್ಮೆಲಿಂದಾಳ ಅಡುಗೆಮನೆಯ
ಒಲೆಯ ಕೆಳಗೆ, ಬೂದಿಯ ಬಿಸುಪಿನಲ್ಲಿ
ಹನ್ನೊಂದು ಇವೆ, ಇಲ್ಲವೇ ಹನ್ನೆರಡು.
ಎಣಿಸಲು ನಿಲ್ಲುವುದಿಲ್ಲ. ಕುದುರೆ ಮಸಾಲೆ ಸೊಪ್ಪು ಎಸೆದರೆ
ನೆಲವೇ ಎದ್ದು ಬಂದಂತೆ ಬರುತ್ತವೆ.

ನಾನು ಅರೆಕಿಪಾದ ಪ್ರಯೋಗಾಲಯದಲ್ಲಿ
ಇವುಗಳದೇ ದಾಯಾದಿಗಳ ರಕ್ತ ತೆಗೆಯುವವಳು.
ಸಂಬಳದ ಚೀಟಿಯಲ್ಲಿ: ತಂತ್ರಜ್ಞೆ, ದರ್ಜೆ ಎರಡು.

ಅಜ್ಜಿಗೆ ಕೀಲುವಾತ. ಬೆರಳೆಲ್ಲ ಶುಂಠಿಯ ಹಾಗೆ ಗಂಟುಗಂಟು.
ಪ್ರೆಡ್ನಿಸೋನ್ ಬರೆದರು, ದಿನಕ್ಕೆ ಮೂರು ಗುಳಿಗೆ.
ಗಂಟು ಇಳಿಯಿತು. ಮುಖ ಏರಿತು.
ಕೆನ್ನೆ ಊದಿ ಕಣ್ಣು ಹೂತು
ಕನ್ನಡಿಯೊಳಗೆ ಯಾರೋ ಪರವೂರಿನ ಹೆಂಗಸು.
"ಇವಳಿಗೆ ಬಡಿಸಿ ಬಡಿಸಿ ಸಾಕಾಯ್ತು" ಅಂದಳು ಅಜ್ಜಿ.
ತೋಳಿನ ಚರ್ಮ ಈರುಳ್ಳಿ ಸಿಪ್ಪೆ;
ಬೆಕ್ಕು ಮೈ ಉಜ್ಜಿ ಹೋದರೂ ನೀಲಿ.
ರಾತ್ರಿ ಮೂರಕ್ಕೆ ಎದ್ದು
ಗುಡಿಸಿದ ನೆಲವನ್ನೇ ಗುಡಿಸುವಳು.

ಅಲ್ಲೇ, ಪೊರಕೆಗೆ ಸಿಗದೆ ಜಾರುವ ಕುಯ್‌ನ ಮೈಯಲ್ಲಿ
ಇದೇ ಕುಲದ ರಸ, ಹುಟ್ಟಿನಿಂದ,
ನಮ್ಮದಕ್ಕಿಂತ ಎಷ್ಟೋ ಪಾಲು ಹೆಚ್ಚು.
ಆದರೂ ಮುಖ ಚಂದ್ರನಾಗಿಲ್ಲ, ಚರ್ಮ ತೆಳುವಾಗಿಲ್ಲ.
ಒಂದರ ಮೇಲೊಂದು ತಲೆಯಿಟ್ಟು ಹಾಯಾಗಿ ನಿದ್ದೆ.

ಕೋಣನ ಮುಂದೆ ಕಿನ್ನರಿ ಎಂದು ನಗಬೇಡಿ.
ಕೋಣ ಕಿವುಡಲ್ಲ.
ಜೀವಕೋಶದೊಳಗೆ ಕಾದು ಕೂತವನೊಬ್ಬ ಇದ್ದಾನೆ,
ಗ್ರಾಹಕ ಅನ್ನುತ್ತಾರೆ; ಸಂತೆಯ ಗಿರಾಕಿಯಂತೆ ಅವನಿಗೂ ಚೌಕಾಶಿ ಗೊತ್ತು.
ಏಳುನೂರು ಚಿಲ್ಲರೆ ಮಣಿಗಳ ಸರ
ಸುತ್ತಿ ಮುದುಡಿ, ನಡುವೆ ಒಂದು ಕುಳಿ,
ಕಿನೋವಾ ಕಾಳು ಕೂರುವಷ್ಟು ಎಂದುಕೊಳ್ಳಿ.
ಕುಯ್‌ಗೆ ಅಲ್ಲಿ ಕೆಲವೇ ಮಣಿ ಬೇರೆ.
ಅಷ್ಟಕ್ಕೇ ಕುಳಿಯ ಅಂಚು ಜಾರು:
ಬಂದದ್ದು ಕೂರುತ್ತದೆ, ಏಳುತ್ತದೆ, ಮತ್ತೆ ಬರುತ್ತದೆ.
ನಮ್ಮಲ್ಲಿ ಪಿಸುಮಾತಿಗೆ ದೀಪ ಹಚ್ಚುವ ಮನೆ
ಅಲ್ಲಿ ಡಂಗುರಕ್ಕೆ ಮಗ್ಗುಲು ಬದಲಿಸುತ್ತದೆ.

(ಮಾವ ಎಲೆಉತೇರಿಯೊ ಕಾಲು ಬಾತು
ಸ್ಪೈರೊನೊಲ್ಯಾಕ್ಟೋನ್ ನುಂಗುತ್ತಾನೆ. ಅವನಲ್ಲಿ ಅದು ಗ್ರಾಹಕನ ಬಾಯಿ ಮುಚ್ಚಿಸುತ್ತದೆ.
ಲಾಂಗಿ ಕೆರೆಯಲ್ಲಿ ಅವನೇ ಹಿಡಿಯುವ ಟ್ರೌಟ್ ಮೀನಿನ ಗ್ರಾಹಕನಿಗೆ ಕೊಟ್ಟರೆ
ಅದೇ ಮದ್ದು ಬಾಯಿ ಬಿಡಿಸುತ್ತದೆ.
ಹೇಳಿದೆ. "ಮೀನು ಯಾವಾಗಲೂ ಬಾಯಿ ಬಿಟ್ಟೇ ಇರುತ್ತಲ್ಲ" ಅಂದ.)

ಮಳೆ ನಿಂತ ತಿಂಗಳು ಅಜ್ಜಿ ನನಗೆ ತಿಳಿಸದೆ
ಬಾಸಿಲಿಸಾಳನ್ನು ಕರೆಸಿದಳು.
ಬಾಸಿಲಿಸಾ ಕರಿ ಕುಯ್ ಒಂದನ್ನು ಹಿಡಿದು
ನೆತ್ತಿಯಿಂದ ಹಿಮ್ಮಡಿಗೆ ಮೈಯೆಲ್ಲ ಸವರಿ,
ಉಗುರಿನಿಂದಲೇ ಸೀಳಿ, ತಣ್ಣೀರಿಗೆ ಅದ್ದಿ, ಓದಿದಳು:
"ನೋಡು, ಮೂತ್ರಪಿಂಡದ ಮೇಲಿನ ಟೋಪಿ ಎಷ್ಟು ದಪ್ಪ. ನಿನ್ನದೂ ಹೀಗೇ."
ಕುಯ್‌ಗೆ ಅದು ಯಾವಾಗಲೂ ದಪ್ಪ.
ಅಜ್ಜಿಯದು ಗುಳಿಗೆಯ ದೆಸೆಯಿಂದ ಕೆಲಸವಿಲ್ಲದೆ
ಒಣದ್ರಾಕ್ಷಿಯಾಗಿ ಸುರುಟಿರಬೇಕು.

ಕೇಳಿ ನಗು ಬಂತು. ಆಮೇಲೆ ಬರಲಿಲ್ಲ.
ನಾವೂ ಮದ್ದು ಕೊಟ್ಟು, ಕುಯ್ದು, ತೂಗಿ,
ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಬರೆದು
ಮನುಷ್ಯರ ಪುಟಕ್ಕೆ ತಿರುವುತ್ತೇವೆ.
ಬಾಸಿಲಿಸಾ ಕೊನೆಗೆ ಮೂರು ಕೋಕಾ ಎಲೆಯಿಟ್ಟು
ಅದರ ಕ್ಷಮೆ ಕೇಳುತ್ತಾಳೆ.
ನಮ್ಮಲ್ಲಿ ಅದಕ್ಕೊಂದು ಅರ್ಜಿ ನಮೂನೆ ಇದೆ.

"ನಿನ್ನ ಕುಯ್ ಏನನ್ನುತ್ತೆ?" ಕೇಳಿದಳು ಅಜ್ಜಿ.
ನಾನು ನೀನಲ್ಲ ಅನ್ನುತ್ತೆ, ಅಂದೆ.
"ಇಷ್ಟಕ್ಕೆ ಅರೆಕಿಪಾಕ್ಕೆ ಹೋಗಿ ಓದಬೇಕಿತ್ತೇ?"
ಚಾಕು ತೆಗೆದು ಗುಳಿಗೆ ಹೋಳು ಮಾಡಿದಳು.
ಈ ತಿಂಗಳು ಅರ್ಧ, ಬರುವ ತಿಂಗಳು ಕಾಲು;
ಏರಿಸಿದ್ದನ್ನು ಸರ್ರನೆ ಇಳಿಸುವಂತಿಲ್ಲ.
ತುಸು ಪುಡಿ ನೆಲಕ್ಕೆ ಉದುರಿತು.
ಮೂಗಾಡಿಸುತ್ತ ಒಂದು ಬಂತು, ನೆಕ್ಕಿತು,
ಕುಯ್ ಅಂದು
ಒಲೆಯಡಿಗೆ ಹೋಯಿತು.